ಐವತ್ತರ ಹೊಸ್ತಿಲಲ್ಲಿ ಕನ್ನಡಿ



ಕಬಕದಿಂದ ವಿಟ್ಲಕ್ಕೆ ಕವಲೊಡೆಯುವ ದಾರಿಯ ಬದಿಯಲ್ಲಿ ನನ್ನದೊಂದು ಹೊಲಿಗೆಯ ಕೋಣೆ ಉಂಟು. ಕಬಕ ಎಂಬ ಹೆಸರನ್ನು ದೂರದೂರಿನವರು ಹೆಚ್ಚಾಗಿ ರೈಲು ನಿಲ್ದಾಣದ ಹಲಗೆಯಲ್ಲಿ ಓದಿರುತ್ತಾರೆ. ಹಲಗೆಯಲ್ಲಿ ‘ಕಬಕ ಪುತ್ತೂರು’ ಎಂದಿದೆ. ನಿಲ್ದಾಣವಿರುವುದು ಮಾತ್ರ ಪುತ್ತೂರು ಪೇಟೆಯಲ್ಲಿ. ಹೆಸರು ನಮ್ಮದು, ರೈಲು ಅವರದು. ಅದಿರಲಿ. ಆ ಕೋಣೆಯಲ್ಲಿ ಕುಳಿತು ಇಪ್ಪತ್ತು ವರ್ಷಗಳಿಂದ ನಾನು ಊರಿನ ಹೆಂಗಸರಿಗೆ ರವಕೆ ಹೊಲಿಯುತ್ತಿದ್ದೇನೆ. ಗೋಡೆಗೆ ಆಳೆತ್ತರದ ಕನ್ನಡಿಯೊಂದನ್ನು ಆನಿಸಿಟ್ಟಿದ್ದೇನೆ. ಎಷ್ಟು ಮಂದಿ ಮದುಮಗಳಂದಿರು ಅದರ ಮುಂದೆ ನಿಂತು ಹಿಂದೆಮುಂದೆ ತಿರುಗಿ ನೋಡಿಕೊಂಡಿದ್ದಾರೋ ಲೆಕ್ಕವಿಲ್ಲ. ನಾನು ಅದರ ಮುಂದೆ ನಿಂತದ್ದು ಒರೆಸುವುದಕ್ಕೆ ಮಾತ್ರ.

ನನ್ನ ಯಜಮಾನರು ತೀರಿಕೊಂಡಾಗ ನನಗೆ ಇಪ್ಪತ್ತೆಂಟು ವರ್ಷ, ಮಗಳಿಗೆ ನಾಲ್ಕು. ಹದಿಮೂರನೆಯ ದಿನದ ಮೇಲೆ ಕುಂಕುಮದ ಕರಡಿಗೆ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಯಾರೂ ನನ್ನನ್ನು ಬೈದು ಮೂಲೆಗೆ ತಳ್ಳಿದರೆಂದು ಹೇಳಿದರೆ ಸುಳ್ಳಾದೀತು. ನಮ್ಮ ಕಡೆ ಇಂಥದಕ್ಕೆಲ್ಲ ಮಾತಿನ ಅಗತ್ಯವೇ ಬೀಳುವುದಿಲ್ಲ. ಪೌಡರಿನ ಡಬ್ಬಿ ತಾನಾಗಿಯೇ ಮಗುವಿನದಾಯಿತು. ಹೂವಿನವಳು ತಾನಾಗಿಯೇ ನಮ್ಮ ಮನೆಯನ್ನು ದಾಟಿ ಮುಂದೆ ಹೋದಳು.

ಹೀಗಿರುವಲ್ಲಿ, ಎರಡು ವರ್ಷಗಳ ಹಿಂದೆ ಮಗಳಿಗೆ ಮದುವೆ ನಿಶ್ಚಯವಾಯಿತು. ಮುಹೂರ್ತ ಮೇ ತಿಂಗಳಿನಲ್ಲಿ. ಜನವರಿಯ ಒಂದು ಆದಿತ್ಯವಾರ ಮಂಗಳೂರಿನಿಂದ ಬಂದವಳು ಊಟಕ್ಕೆ ಕುಳಿತಲ್ಲೇ ಹೇಳಿದಳು: “ಅಮ್ಮಾ, ಮದುವೆಯ ದಿನ ನೀನು ಕುಂಕುಮ ಇಟ್ಟು, ಹೂ ಮುಡಿದು ನನ್ನ ಹತ್ತಿರ ನಿಲ್ಲಬೇಕು.”

“ಒಂದು ದಿವಸಕ್ಕೆ ಎಂತಕ್ಕೆ ಮಗಾ ಈ ವೇಷ?” ಎಂದೆ.

“ಒಂದು ದಿವಸಕ್ಕಾದರೆ ಅದು ವೇಷವೇ. ದಿನಾ ಇಟ್ಟರೆ ಅದು ನಿನ್ನ ಮುಖ ಆಗ್ತದೆ. ನಾಳೆಯಿಂದಲೇ ಸುರು ಮಾಡು. ಮೇ ತಿಂಗಳಿಗಾಗುವಾಗ ನಿನಗೂ ಅಭ್ಯಾಸ ಆಗ್ತದೆ, ನೋಡುವವರಿಗೂ ಅಭ್ಯಾಸ ಆಗ್ತದೆ.”

ಹೀಗೆಂದು ಒಂದು ಸಣ್ಣ ಚೀಲವನ್ನು ಮೇಜಿನ ಮೇಲಿಟ್ಟು ಸಂಜೆಯ ಬಸ್ಸಿಗೆ ಹೊರಟುಹೋದಳು. ಚೀಲದಲ್ಲಿದ್ದದ್ದು ಒಂದು ಪೌಡರು, ಒಂದು ಕಾಡಿಗೆಯ ಕಡ್ಡಿ, ತುಟಿಗೆ ಹಚ್ಚುವ ಒಂದು ಬಣ್ಣ, ಒಂದು ಕುಂಕುಮದ ಭರಣಿ.

ನಾಲ್ವತ್ತೊಂಬತ್ತನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸಕ್ಕೆ ಕುಳಿತವರ ಸಂಕಟವನ್ನು ನೀವು ಕೇಳಿರಬಹುದು. ನನ್ನದೂ ಅಂಥದೇ. ಹದಿನಾರರ ಹುಡುಗಿಯರು ಇದನ್ನೆಲ್ಲ ಗೆಳತಿಯರೊಡನೆ ನಗುತ್ತಾ ಕಲಿಯುತ್ತಾರೆ. ತಪ್ಪಿದರೆ ತೊಳೆದು ಮತ್ತೆ ಹಚ್ಚುತ್ತಾರೆ. ನಾನು ಬಾಗಿಲಿಗೆ ಅಗಳಿ ಹಾಕಿಕೊಂಡು ಕಳ್ಳತನ ಮಾಡುವವಳ ಹಾಗೆ ಕುಳಿತೆ. ಪೌಡರನ್ನು ಬಾಲ್ಯದ ನೆನಪಿನಂತೆ ಅಂಗೈಗೆ ಸುರಿದು ಮುಖಕ್ಕೆ ತಿಕ್ಕಿದೆ. ನನ್ನದು ಕಪ್ಪೆಂದೇ ಹೇಳಬಹುದಾದ ಬಣ್ಣ. ಅದರ ಮೇಲೆ ಬಿಳಿಯ ಹುಡಿ ಬಿದ್ದು ಬೂದಿ ಬಳಿದಂತಾಯಿತು. ಹೊರಗೆ ಬಂದಾಗ ಅತ್ತೆಯವರು ಕತ್ತೆತ್ತಿ ನೋಡಿ, “ಅಕ್ಕಿಹಿಟ್ಟು ಹಾರಿತಾ ಮುಖಕ್ಕೆ?” ಎಂದು ಕೇಳಿದರು. ಕುಹಕವಲ್ಲ, ನಿಜವಾಗಿಯೇ ಹಾಗೆ ಭಾವಿಸಿದ್ದರು. ನಾನು “ಹೌದು” ಎಂದು ಹೇಳಿ ತೊಳೆದುಕೊಂಡೆ.

ಇನ್ನು ಕಾಡಿಗೆ. ವಯಸ್ಸಾದವರಿಗೆ ಇಲ್ಲೊಂದು ತೊಡಕುಂಟು, ಯಾವ ಹುಡುಗಿಯೂ ನಿಮಗೆ ಇದನ್ನು ಹೇಳಲಾರಳು. ಕನ್ನಡಕ ತೆಗೆದರೆ ಕಣ್ಣು ಕಾಣುವುದಿಲ್ಲ. ಹಾಕಿದರೆ ಕಣ್ಣಿಗೆ ಕೈ ತಲಪುವುದಿಲ್ಲ! ಸೂಜಿಗೆ ನೂಲು ಪೋಣಿಸಲು ಕನ್ನಡಕ ಬೇಕಾದವಳು ರೆಪ್ಪೆಯ ಅಂಚಿಗೆ ಗೆರೆ ಎಳೆಯುವುದು ಹೇಗೆ? ಅಂದಾಜಿನಿಂದ ಎಳೆದೆ. ಗೆರೆ ಕೆನ್ನೆಗಿಳಿಯಿತು.

ನನಗೆ ಗುರುಗಳು ದೊರೆತದ್ದು ಅನಿರೀಕ್ಷಿತವಾಗಿ. ನಮ್ಮ ತೋಟದಾಚೆ ಒಬ್ಬ ಹಿರಿಯರಿದ್ದಾರೆ. ಎಪ್ಪತ್ತು ದಾಟಿದೆ. ಪ್ರಾಯಕಾಲದಲ್ಲಿ ಯಕ್ಷಗಾನದ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದವರು. ಈಗ ಊರಿನ ಹವ್ಯಾಸಿ ಸಂಘದ ಹುಡುಗರಿಗೆ ಬಣ್ಣಗಾರಿಕೆ ಹೇಳಿಕೊಡುತ್ತಾರೆ. ಸಂಘದ ದಗಲೆಗಳ ಹೊಲಿಗೆ ಬಿಟ್ಟರೆ ನನ್ನಲ್ಲಿಗೇ ತರುವುದು. ಆ ದಿನ ಹಾಗೆ ತಂದವರು ನನ್ನ ಕಣ್ಣಿನ ಕೆಳಗಿನ ಮಸಿಯನ್ನು ನೋಡಿ, ದಗಲೆಯನ್ನು ಕೆಳಗಿಟ್ಟರು.

“ತಂಗೀ, ಚೌಕಿಯಲ್ಲಿ ಇಂಥಾ ಮುಖ ಕಂಡರೆ ಭಾಗವತರು ಜಾಗಟೆ ಬಿಟ್ಟು ಓಡಿಯಾರು. ಯಾರು ಹೇಳಿಕೊಟ್ಟದ್ದು?”

“ಯಾರೂ ಇಲ್ಲ ಅಣ್ಣಾ.”

“ಅದು ಗೊತ್ತಾಗ್ತದೆ,” ಎಂದರು.

ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿಗೆ ಬೇರೊಬ್ಬರು ಬಣ್ಣ ಹಚ್ಚುವ ಕ್ರಮವಿಲ್ಲ. ಪ್ರತಿಯೊಬ್ಬನೂ ಚೌಕಿಯಲ್ಲಿ ಕೈಗನ್ನಡಿ ಹಿಡಿದು ಕುಳಿತು ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕು. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕುಳಿತಿರುತ್ತಾರೆ. ಸ್ತ್ರೀವೇಷಕ್ಕೆ ಅಷ್ಟು ಹೊತ್ತು ಬೇಡ. ಆದರೆ ಅಲ್ಲಿ ಒಂದು ಗೆರೆ ಹೆಚ್ಚಾದರೂ ಕೆಟ್ಟಿತು. ತಲೆಮಾರುಗಳಿಂದ ಗಂಡಸರೇ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದರು. ಕೋಳ್ಯೂರು ರಾಮಚಂದ್ರ ರಾಯರ ಹೆಸರನ್ನು ನೀವು ಕೇಳಿದ್ದೀರಿ. ಪಾತಾಳ ವೆಂಕಟರಮಣ ಭಟ್ಟರಂತೂ ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಸ್ತ್ರೀವೇಷದ ಆಭರಣ, ಉಡುಗೆಗಳನ್ನೇ ತಿದ್ದಿದವರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯೊಬ್ಬಳಿದ್ದಾಳೆ. ಒಂಬೈನೂರು ವರ್ಷಗಳಿಂದ ಮುಖ ನೋಡಿಕೊಳ್ಳುತ್ತಾ ನಿಂತಿರುವ ಅವಳನ್ನು ಯಾರೂ ‘ಸಾಕು, ಒಳಗೆ ಹೋಗು’ ಎಂದಿಲ್ಲ.

ನನ್ನ ಪಾಠ ನಡೆದದ್ದು ಹೊಲಿಗೆಯ ಯಂತ್ರದ ಮುಂದೆಯೇ. ಅವರು ನನ್ನ ಮುಖವನ್ನು ಮುಟ್ಟಲಿಲ್ಲ. ಎದುರು ಸ್ಟೂಲಿನ ಮೇಲೆ ಕುಳಿತು ತಮ್ಮದೇ ಸುಕ್ಕುಗಟ್ಟಿದ ಮುಖದ ಮೇಲೆ ಬೆರಳಾಡಿಸಿ ತೋರಿಸಿದರು.

“ಕೈಯನ್ನು ನಿಲ್ಲಿಸಲಿಕ್ಕೆ ಹೋಗಬೇಡ. ಮೊಣಕೈಯನ್ನು ನಿಲ್ಲಿಸು,” ಎಂದರು ಮೊದಲಿಗೆ. ಮೊಣಕೈಯನ್ನು ಮೇಜಿಗೆ ಊರಿ, ಕಿರುಬೆರಳನ್ನು ಕೆನ್ನೆಗೆ ಆನಿಸಿದರೆ ನಡುಗುವ ಕೈಯೂ ಅರ್ಧ ನೆಟ್ಟಗಾಗುತ್ತದೆ. ಕೆಳರೆಪ್ಪೆಗೆ ಹಚ್ಚುವಾಗ ದೃಷ್ಟಿ ಮೇಲಕ್ಕಿರಬೇಕು. ಮೇಲಿನ ರೆಪ್ಪೆಗಾದರೆ ಕನ್ನಡಿಯನ್ನು ಗಲ್ಲದಿಂದ ಕೆಳಗೆ ಹಿಡಿದು, ಕಣ್ಣನ್ನು ತಗ್ಗಿಸಿ ನೋಡಬೇಕು; ಆಗ ರೆಪ್ಪೆ ತಾನಾಗಿ ಚಪ್ಪಟೆಯಾಗಿ ನಿಲ್ಲುತ್ತದೆ. ಉದ್ದಕ್ಕೆ ಒಂದೇ ಗೆರೆ ಎಳೆಯುವ ಹಟ ಬೇಡ. ಚುಕ್ಕಿ ಚುಕ್ಕಿಯಾಗಿ ಇಟ್ಟು ಆಮೇಲೆ ಕೂಡಿಸಿದರೆ ಸಾಕು. ನಾವು ಬಟ್ಟೆಗೆ ಟಾಕು ಹಾಕಿ ಆಮೇಲೆ ಹೊಲಿಗೆ ಓಡಿಸುವುದಿಲ್ಲವೇ, ಹಾಗೆ. ಕನ್ನಡಕದ ಸಮಸ್ಯೆಗೂ ಅವರೇ ಪರಿಹಾರ ಸೂಚಿಸಿದರು: ಗಂಡಸರು ಕ್ಷೌರಕ್ಕಿಟ್ಟುಕೊಳ್ಳುವ, ಮುಖ ದೊಡ್ಡದಾಗಿ ಕಾಣುವ ದುಂಡುಕನ್ನಡಿ. ಪುತ್ತೂರಿನ ಪೇಟೆಯಲ್ಲಿ ಒಂದನ್ನು ಕೊಂಡು ತಂದೆ. ಅದರಲ್ಲಿ ನನ್ನ ಮುಖ ಮೊದಲ ಸಲ ಕಂಡಾಗ, ಒಪ್ಪಿಕೊಳ್ಳುತ್ತೇನೆ, ಹೆದರಿದೆ.

ಬಣ್ಣ ಹೊಂದಿಸುವ ವಿಷಯದಲ್ಲಿ ಮಾತ್ರ ನನಗೆ ಗುರು ಬೇಕಾಗಲಿಲ್ಲ. ಅದು ನನ್ನ ಕಸುಬೇ ಆಗಿತ್ತು, ನನಗೇ ಹೊಳೆದಿರಲಿಲ್ಲ. ಸೀರೆಗೆ ತಕ್ಕ ಒಳಬಟ್ಟೆಯನ್ನು ಅಂಗಡಿಯ ದೀಪದ ಕೆಳಗೆ ಆರಿಸಿದವರು ಮನೆಗೆ ಬಂದು ಅಳುತ್ತಾರೆ. ಅಂಗಡಿಯ ಮೆಟ್ಟಿಲಿಗೆ ತಂದು ಹಗಲಬೆಳಕಿನಲ್ಲಿ ನೋಡಬೇಕು. ಮುಖದ ಪೌಡರಿಗೂ ಇದೇ ನ್ಯಾಯ. ಅಂಗೈಯ ಬೆನ್ನಿಗೆ ಹಚ್ಚಿ ನೋಡಿದರೆ ಪ್ರಯೋಜನವಿಲ್ಲ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆಯ ಅಂಚಿಗೆ, ಕುತ್ತಿಗೆಗೆ ತಾಗುವಲ್ಲಿ ಹಚ್ಚಿ ಹೊರಗೆ ಬಂದು ನೋಡಬೇಕು. ಎಲ್ಲಿ ಹಚ್ಚಿದ್ದೆಂದು ಹುಡುಕಬೇಕಾಗಿ ಬಂದರೆ ಅದೇ ನಿಮ್ಮ ಬಣ್ಣ. ತಿಕ್ಕಬಾರದು, ಒತ್ತಬೇಕು. ಕಬಕದ ಏಪ್ರಿಲ್ ತಿಂಗಳಲ್ಲಿ ಹತ್ತು ನಿಮಿಷ ನಿಂತರೆ ಬೆವರು ಹರಿಯುತ್ತದೆ. ದಪ್ಪ ಬಳಿದವರ ಮುಖ ಜಾತ್ರೆಯ ಗದ್ದೆಯಂತಾಗುತ್ತದೆ. ಸ್ವಲ್ಪವೇ ಹಚ್ಚಿ, ಬೆವರನ್ನು ಒರೆಸದೆ ತೆಳುಬಟ್ಟೆಯಿಂದ ಒತ್ತಿ ತೆಗೆದರೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ.

ತುಟಿಯ ಬಣ್ಣಕ್ಕೆ ನಾನು ಬಹಳ ದಿನ ಕೈಹಾಕಲಿಲ್ಲ. ಅದು ಸಿನಿಮಾದವರದೆಂಬ ಭಾವನೆ. ಆದರೆ ನಮ್ಮ ಅಜ್ಜಿಯಂದಿರ ತುಟಿ ದಿನವಿಡೀ ಕೆಂಪಾಗಿಯೇ ಇತ್ತಲ್ಲ, ತಾಂಬೂಲದಿಂದ! (ಅಡಿಕೆಯ ಊರಿನಲ್ಲಿ ಕುಳಿತು ಅಡಿಕೆಯ ಗುಣದೋಷ ಮಾತಾಡುವ ಧೈರ್ಯ ನನಗಿಲ್ಲ, ವೈದ್ಯರನ್ನು ಕೇಳಿ.) ವಿದೇಶದ ಬಣ್ಣಗಳಿಗೆ ಹಣ ಹರಿದುಹೋಗದಿರಲೆಂದು ಟಾಟಾದವರು 1952ರಲ್ಲಿ ನಮ್ಮ ದೇಶದಲ್ಲೇ ಲ್ಯಾಕ್ಮೆ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಆ ಹೆಸರು ಒಂದು ಫ್ರೆಂಚ್ ಗೀತನಾಟಕದ ನಾಯಿಕೆಯದು. ಮೂಲದಲ್ಲಿ ಅದು ನಮ್ಮ ಲಕ್ಷ್ಮಿಯೇ, ಫ್ರೆಂಚರ ನಾಲಗೆಯಲ್ಲಿ ಹಾಗಾದದ್ದು. ಇದನ್ನು ತಿಳಿದ ಮೇಲೆ ನನ್ನ ಸಂಕೋಚ ಸ್ವಲ್ಪ ಕಡಿಮೆಯಾಯಿತು. ನಮ್ಮ ತುಟಿಯ ಸಹಜ ಬಣ್ಣಕ್ಕಿಂತ ಒಂದೇ ಪಟ್ಟು ಗಾಢವಾದದ್ದನ್ನು ಬೆರಳ ತುದಿಯಿಂದ ಒತ್ತಿಕೊಂಡರೆ ಯಾರಿಗೂ ಹಚ್ಚಿದ್ದೆಂದು ತಿಳಿಯುವುದಿಲ್ಲ. ಇವಳು ಇವತ್ತು ಚೆನ್ನಾಗಿ ನಿದ್ದೆ ಮಾಡಿದ್ದಾಳೆಂದು ಮಾತ್ರ ತೋರುತ್ತದೆ.

ರಾತ್ರಿ ಮಲಗುವ ಮುನ್ನ ಎಲ್ಲವನ್ನೂ ತೆಗೆಯಬೇಕೆಂಬುದು ಗುರುಗಳ ಕಟ್ಟಪ್ಪಣೆ. ಮೇಳದವರು ಬೆಳಗಿನ ಜಾವ ಬಣ್ಣ ತೆಗೆಯುವುದು ತೆಂಗಿನೆಣ್ಣೆಯಿಂದ. ನನಗೂ ಅದೇ ಸಾಕಾಯಿತು: ನಾಲ್ಕು ತೊಟ್ಟು ಎಣ್ಣೆ, ಹಳೆಯ ಹತ್ತಿಬಟ್ಟೆ, ಆಮೇಲೆ ಕಡಲೆಹಿಟ್ಟು. ಹಿಂದಿನ ಕಾಲದ ಬಣ್ಣಗಳಲ್ಲಿ ಅರದಾಳ, ಇಂಗಳೀಕ ಇರುತ್ತಿದ್ದುವು. ಅರದಾಳವೆಂದರೆ ಆರ್ಸೆನಿಕ್ಕಿನ ಸಂಯುಕ್ತ, ಇಂಗಳೀಕವೆಂದರೆ ಪಾದರಸದ್ದು. “ತಿರುಗಾಟ ಮುಗಿಯುವಾಗ ಕೆನ್ನೆ ಉರಿ ಉರಿ. ನಮಗೆ ಹೊಟ್ಟೆಪಾಡು ತಂಗೀ, ನಿನಗೆ ಎಂತಕ್ಕೆ ಉರಿ?” ಎಂದರು.

ಈ ಮಾತನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೂತ್ರಪಿಂಡದ ರೋಗದಿಂದ ಬಂದ ಹಲವರನ್ನು ವೈದ್ಯರು ವಿಚಾರಿಸಿದಾಗ, ಅವರೆಲ್ಲ ಚರ್ಮ ಬೆಳ್ಳಗಾಗಲೆಂದು ಮುಲಾಮು ಹಚ್ಚುತ್ತಿದ್ದವರೆಂದು ಹೊರಬಿತ್ತು; ಮುಲಾಮಿನಲ್ಲಿ ಪಾದರಸವಿತ್ತು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪಾದರಸ ಬೆರೆಸಿ ಇಂಥ ವಸ್ತುಗಳನ್ನು ತಯಾರಿಸುವಂತಿಲ್ಲ. ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 20 ಭಾಗಗಳನ್ನು ಮೀರುವಂತಿಲ್ಲ. ಆದುದರಿಂದ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬಳಸಬೇಕಾದ ಕಡೆಯ ದಿನಾಂಕ ಇಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಹೊಸತೇನನ್ನು ತಂದರೂ ಮೊಣಕೈಯ ಒಳಮಡಿಕೆಗೆ ಹಚ್ಚಿ ಎರಡು ದಿನ ಕಾಯಿರಿ. ನಾನು ಇಪ್ಪತ್ತೊಂದು ವರ್ಷ ಕಾದವಳು, ಎರಡು ದಿನ ಹೆಚ್ಚೆನಿಸಲಿಲ್ಲ.

ಹೀಗೆ ಪೌಡರು, ಕಾಡಿಗೆ, ತುಟಿಯ ಬಣ್ಣ ಮೂರೂ ಫೆಬ್ರವರಿ ಮುಗಿಯುವುದರೊಳಗೆ ಒಂದು ಹದಕ್ಕೆ ಬಂದುವು. ಬೆಳಗ್ಗೆ ಏಳು ನಿಮಿಷದ ಕೆಲಸ. ಕುಂಕುಮದ ಭರಣಿ ಮಾತ್ರ ಮುಚ್ಚಿಯೇ ಇತ್ತು.

ಮದ್ದೆಂದರೆ ಮದ್ದು, ಬಣ್ಣವೆಂದರೆ ಬಣ್ಣ, ಕುಂಕುಮವೆಂದರೇನು? ಅರಸಿನದ ಕೊಂಬನ್ನು ನಿಂಬೆರಸ, ಬಿಳಿಗಾರಗಳಲ್ಲಿ ನೆನೆಯಿಟ್ಟು, ಒಣಗಿಸಿ ಕುಟ್ಟಿದ ಹುಡಿ. ಅರಸಿನ ಕ್ಷಾರಕ್ಕೆ ಸೇರಿದರೆ ಕೆಂಪಾಗುತ್ತದೆಂಬುದು ಸೊಣ್ಣ ಕಲಸಿದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಅಷ್ಟೇ ಅದರ ರಸಾಯನಶಾಸ್ತ್ರ. ಆದರೆ ಆ ಭರಣಿಯ ಮುಚ್ಚಳ ತೆಗೆಯಲು ನನ್ನ ಕೈ ಏಳಲಿಲ್ಲ. ಗುರುಗಳು ಒಂದು ದಿನ ಕೇಳಿಯೇ ಬಿಟ್ಟರು, “ಹಣೆ ಎಂತಕ್ಕೆ ಖಾಲಿ?” ಎಂದು. ಕೇಳಿದ ಮೇಲೆ ಅವರಿಗೇ ನೆನಪಾಯಿತು. ಸ್ವಲ್ಪ ಹೊತ್ತು ದಗಲೆಯ ನೂಲನ್ನು ಎಳೆಯುತ್ತಾ ಕುಳಿತರು. ಆಮೇಲೆ, “ನನ್ನ ಹೆಂಡತಿ ಹೋಗಿ ಎಂಟು ವರ್ಷ ಆಯಿತು. ಅದರ ಮೇಲೆಯೂ ನಾನು ಸಂಘದ ಆಟದಲ್ಲಿ ದ್ರೌಪದಿ ಮಾಡಿದ್ದೇನೆ, ದಮಯಂತಿ ಮಾಡಿದ್ದೇನೆ, ಇಷ್ಟು ದೊಡ್ಡ ಕುಂಕುಮ ಇಟ್ಟಿದ್ದೇನೆ. ನನಗೆ ಯಾರೂ ಹೇಳಲಿಲ್ಲ, ನೀವು ಇಡಬಾರದು ಅಂತ,” ಎಂದರು.

ಕೇಳುಗರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಹೊಸತೇನಲ್ಲ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರವನ್ನು ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದರು. ಅದರ ನೂರನೆಯ ವರ್ಷ, 2012ರ ದಸರೆಯ ಸಮಯದಲ್ಲಿ, ಅಲ್ಲಿ ವಿಧವೆಯರು ಕೂಡಿ ರಥ ಎಳೆದರು. ಮರುವರ್ಷ ಇಬ್ಬರು ವಿಧವೆಯರು ಅರ್ಚಕರಾಗಿ ದೇವರಿಗೆ ಪೂಜೆ ಸಲ್ಲಿಸಿದರು. ಜನಾರ್ದನ ಪೂಜಾರಿಯವರು ಮುಂದೆ ನಿಂತು ನಡೆಸಿದ ಕಾರ್ಯವದು. ಆಗ ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿ ‘ಒಳ್ಳೆಯದಾಯಿತು’ ಎಂದುಕೊಂಡು, ಆ ಹಾಳೆಯ ಮೇಲೆಯೇ ರವಕೆಯ ತೋಳಿನ ಅಳತೆ ಕತ್ತರಿಸಿದವಳು ನಾನು. ದೇವರ ಎದುರು ಆದದ್ದು ನಮ್ಮ ಜಗಲಿಗೆ ಬರಲು ಇನ್ನೂ ಎಷ್ಟು ವರ್ಷ ಬೇಕೋ ಎಂದು ಯಾರನ್ನೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ಇಟ್ಟೆ. ಉಂಗುರಬೆರಳಿನಿಂದ, ಸಣ್ಣದಾಗಿ, ಎರಡು ಹುಬ್ಬುಗಳ ನಡುವಿನಿಂದ ತುಸು ಮೇಲೆ. ಅಂಟಿಸುವ ಬೊಟ್ಟು ಸುಲಭವೆಂದು ಕೆಲವರು ಹೇಳಿದ್ದರು. ಆದರೆ ಅದರ ಅಂಟಿನಲ್ಲಿರುವ ಒಂದು ರಾಸಾಯನಿಕದಿಂದ ಕೆಲವರ ಹಣೆಯಲ್ಲಿ ಬೊಟ್ಟಿನಷ್ಟೇ ಗಾತ್ರದ ಬಿಳಿಯ ಕಲೆ ಉಳಿಯುವುದನ್ನು ಚರ್ಮವೈದ್ಯರು ಗುರುತಿಸಿದ್ದಾರೆ. ನನ್ನ ಗಿರಾಕಿಗಳಲ್ಲೇ ಒಬ್ಬರಿಗೆ ಹಾಗಾಗಿದೆ. ತುರಿಕೆ ಕಂಡರೆ ಒಡನೆ ಬಿಟ್ಟುಬಿಡಬೇಕು.

ಅತ್ತೆಯವರು ನೋಡಿದರು. ಎಪ್ಪತ್ತೆಂಟು ವರ್ಷದ, ಅವರೂ ನನ್ನಂತೆಯೇ ಆದವರು. ನಂದಿಬಟ್ಟಲಿನ ರಸದಲ್ಲಿ ಬಟ್ಟೆ ಅದ್ದಿ ಒಣಗಿಸಿ, ಬತ್ತಿ ಮಾಡಿ, ಹರಳೆಣ್ಣೆಯಲ್ಲಿ ಉರಿಸಿ ಕಂಚಿನ ಬಟ್ಟಲಿಗೆ ಮಸಿ ಹಿಡಿಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ನೆರೆಕರೆಯಲ್ಲಿಲ್ಲ. ಮದುಮಗಳಂದಿರಿಗೆ ಅವರಿಂದಲೇ ಕಾಡಿಗೆ ಒಯ್ಯುತ್ತಾರೆ. ತಮ್ಮ ಕಣ್ಣಿಗೆ ಹಚ್ಚಿದ್ದನ್ನು ನಾನು ಕಂಡಿಲ್ಲ. ಅವರು ಏನೂ ಹೇಳಲಿಲ್ಲ. ಎಂಟು ದಿನ ನನ್ನೊಡನೆ ಊಟಕ್ಕೆ ಕೂರಲಿಲ್ಲ, ಅಷ್ಟೇ. ಒಂಬತ್ತನೆಯ ದಿನ ಕೂತರು, ಮಾತು ಉಪ್ಪಿನಕಾಯಿಯದು. ನಾನು ಅವರನ್ನು ಗೆದ್ದೆನೆಂದು ತಿಳಿಯಬೇಡಿ. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಇಂದಿಗೂ ಗೊತ್ತಿಲ್ಲ.

ಹೊರಗಿನವರ ಪೈಕಿ ಮೊದಲ ವಾರ ನೋಡಿದವರು ಬಹಳ, ಎರಡನೆಯ ವಾರ ಸ್ವಲ್ಪ. ಪುತ್ತೂರಿನ ಬಸ್ಸಿನಲ್ಲಿ ಒಬ್ಬಾಕೆ, “ಅಕ್ಕಾ, ಎಂತ ವಿಶೇಷ?” ಎಂದು ಕೇಳಿದಳು. “ಮಗಳ ಮದುವೆ,” ಎಂದೆ. ಅದು ಅವಳ ಪ್ರಶ್ನೆಗೆ ಉತ್ತರವಾಯಿತೋ ಇಲ್ಲವೋ, ಬಸ್ಸು ನಿಂತಿತು, ಇಳಿದೆ. ರವಕೆ ಹೊಲಿಸುವುದಕ್ಕೆ ಬರುತ್ತಿದ್ದ ಒಬ್ಬರು ಮತ್ತೆ ಬರಲಿಲ್ಲ. ಬೇರೆ ಇಬ್ಬರು, ನನ್ನಂತೆಯೇ ಒಬ್ಬಂಟಿಗರು, ರವಕೆಯ ನೆಪದಲ್ಲಿ ಬಂದು ದುಂಡುಕನ್ನಡಿಯ ಬೆಲೆ ಕೇಳಿಕೊಂಡು ಹೋದರು.

ಮೇ ತಿಂಗಳು ಬಂತು. ಮದುವೆಯ ದಿನ ಮಂಗಳೂರಿನಿಂದ ಬಂದಿದ್ದ ಅಲಂಕಾರದವಳು ಮದುಮಗಳನ್ನು ಮುಗಿಸಿ ನನ್ನ ಕಡೆಗೆ ತಿರುಗಿ, “ಆಂಟೀ, ನಿಮಗೂ ಮಾಡ್ಲಾ?” ಎಂದಳು. “ನನ್ನದು ಆಗಿದೆ,” ಎಂದೆ. ಅವಳು ಹತ್ತಿರ ಬಂದು ಕಣ್ಣಿನ ಗೆರೆಯನ್ನು ನೋಡಿ, ಯಾರು ಹಾಕಿದ್ದೆಂದು ಕೇಳಿದಳು. ಮಗಳು ನಕ್ಕಳು. ಧಾರೆಯ ಹೊತ್ತಿನಲ್ಲಿ ನಾನು ಅವಳ ಎಡಗಡೆಗೆ ನಿಂತೆ. ಯಾರೂ ಏನೂ ಹೇಳಲಿಲ್ಲ. ನಾಲ್ಕು ತಿಂಗಳಿಂದ ನೋಡುತ್ತಾ ಬಂದ ಮುಖವದು. ಅತ್ತೆಯವರು ಹಿಂದಿನ ಸಾಲಿನಲ್ಲಿ ಕಂಬದ ಬಳಿ ಕುಳಿತಿದ್ದರು. ಕರೆದೆ, ಬರಲಿಲ್ಲ. ಅತ್ತುಬಿಟ್ಟರೆ ಕಾಡಿಗೆ ಇಳಿಯುತ್ತದೆಂಬ ಭಯದಿಂದ ನಾನು ಮೇಲಿನ ಚಪ್ಪರದ ಮಾವಿನ ಎಲೆಗಳನ್ನು ಎಣಿಸುತ್ತಾ ನಿಂತಿದ್ದೆ.

ಗುರುಗಳು ಊಟದ ಪಂಕ್ತಿಯಿಂದ ಎದ್ದು ಬಂದವರು ಕೈತೊಳೆಯುವ ಮೊದಲೇ ನನ್ನ ಮುಖವನ್ನು ಆಚೆಯಿಂದ ಈಚೆಯಿಂದ ನೋಡಿದರು. “ಕಣ್ಣು ಅಡ್ಡಿಯಿಲ್ಲ. ಎಡದ ಹುಬ್ಬು ಬಲದ್ದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಉಂಟು. ಹುಬ್ಬಿನ ಪಾಠ ಮಳೆಗಾಲ ಕಳೆದ ಮೇಲೆ,” ಎಂದು ಹೇಳಿ ಪಾಯಸದ ಕೈಯನ್ನು ತೊಳೆಯಲು ಹೋದರು.